ಪ್ರೇಮಕಥೆಯ ಹಿಂದೆ ಯುದ್ಧ: ಅದು ಪರದೆಯಾ, ಪಾತ್ರವಾ?

ಹಳೇಪುಟ

ಈ ತಿಂಗಳು ಸಾಲಾಗಿ ಮೂರು ಐತಿಹಾಸಿಕ ಪ್ರೇಮ ಕಾದಂಬರಿ ಓದಿದೆ. ಮೂರರಲ್ಲೂ ಹಿಂದೆ ಒಂದು ದಂಗೆ, ಮುಂದೆ ಒಂದು ಜೋಡಿ. ಮೂರನೆಯದು ಮುಗಿಸುವಾಗ ಒಂದು ಕೆಟ್ಟ ಅನುಮಾನ ಬಂತು. ಆ ದಂಗೆಯನ್ನು ಕಿತ್ತುಹಾಕಿ ಅಲ್ಲೊಂದು ನೆರೆ ಇಟ್ಟಿದ್ದರೂ ಕಥೆ ಹಾಗೇ ನಡೀತಿತ್ತು. ನಾಯಕನಿಗೆ ಗಾಯ ಆಗಬೇಕು, ನಾಯಕಿ ಆರೈಕೆ ಮಾಡಬೇಕು, ಅಷ್ಟೇ ತಾನೇ? ಅವನು ಕುದುರೆಯಿಂದ ಬಿದ್ದಿದ್ದರೂ ಸಾಕಾಗಿತ್ತು.

ಕಂಪನಿ ನಾಟಕದಲ್ಲಿ ಅರಮನೆ ಪರದೆ, ಕಾಡಿನ ಪರದೆ, ಯುದ್ಧಭೂಮಿಯ ಪರದೆ ಅಂತ ಇಳಿಬಿಡುತ್ತಾರಲ್ಲ, ಹಾಗೆ. ಯಾವ ಪರದೆ ಬಿಟ್ಟರೂ ಹಾಡು ಅದೇ.

ಆಮೇಲೆ ನನಗೆ ನಾನೇ ಒಂದು ಪರೀಕ್ಷೆ ಮಾಡಿಕೊಂಡೆ. ರಾಜಕೀಯವನ್ನು ತೆಗೆದರೆ ಪ್ರೇಮಕಥೆ ಕುಸಿದು ಬೀಳಬೇಕು. ಬೀಳದಿದ್ದರೆ ಅದು ಬರೀ ಪರದೆ. ಜೊತೆಗೆ ಆ ಗಲಾಟೆ ಇಬ್ಬರ ಮುಂದೆ ಏನೋ ಒಂದು ಆಯ್ಕೆ ತಂದಿಡಬೇಕು. ಸುಮ್ನೆ ಗುಂಡಿನ ಸದ್ದು ಮಾಡಿ ಹೋಗಬಾರದು.

ಪಾಸಾಗುವುದಕ್ಕೆ ಉದಾಹರಣೆ ಅಂದರೆ ನನಗೆ ಟಾಲ್‌ಸ್ಟಾಯ್ ಅವರ 'ಯುದ್ಧ ಮತ್ತು ಶಾಂತಿ'ಯ ಗಾಡಿಗಳ ದೃಶ್ಯ. 1812. ಬೊರೊಡಿನೊ ಕದನ ಮುಗಿದಿದೆ, ನೆಪೋಲಿಯನ್ ಮಾಸ್ಕೋ ಹತ್ತಿರ ಬಂದಿದ್ದಾನೆ. ರೊಸ್ತೊವ್ ಮನೆಯವರು ಊರು ಬಿಡಲು ಗಾಡಿಗಳಿಗೆ ಸಾಮಾನು ಹೇರಿಸುತ್ತಿದ್ದಾರೆ. ಅಂಗಳದಲ್ಲಿ ಗಾಯಗೊಂಡ ಸೈನಿಕರು, ನಮ್ಮನ್ನೂ ಕರೆದುಕೊಂಡು ಹೋಗಿ ಅಂತಿದ್ದಾರೆ. ತಂದೆಯ ಮನಸ್ಸು ಕರಗಿದೆ. ತಾಯಿಗೆ ಸಾಮಾನು ಬಿಟ್ಟುಹೋಗಲು ಮನಸ್ಸಿಲ್ಲ, ಅದು ಮಕ್ಕಳ ಪಾಲಿನ ಆಸ್ತಿ. ಅಷ್ಟರಲ್ಲಿ ಅಳಿಯ ಬರ್ಗ್ ಬಂದು, ಊರೇ ಖಾಲಿಯಾಗುವ ಹೊತ್ತಿನಲ್ಲಿ, ಒಂದು ಚೆಂದದ ಬೀರು ಮಾರಾಟಕ್ಕಿದೆ, ಸಾಗಿಸಲು ಆಳು ಕೊಡಿ ಅಂತಾನೆ! ಆಗ ಮನೆಮಗಳು ನತಾಶಾ ನುಗ್ಗಿ ಬಂದು ಅಮ್ಮನ ಮೇಲೆ ಕೂಗಾಡುತ್ತಾಳೆ. ಸಾಮಾನು ಇಳಿಯುತ್ತೆ, ಗಾಯಾಳುಗಳು ಹತ್ತುತ್ತಾರೆ.

ಇಲ್ಲಿ ಪ್ರೇಮ ಎಲ್ಲಿದೆ ಅಂತೀರಾ? ಅದೇ ಸಾಲಿನಲ್ಲಿ, ಅವಳು ಮದುವೆಯ ಮಾತು ತಪ್ಪಿ ಕಳೆದುಕೊಂಡ ಆಂದ್ರೇ ಕೂಡ ಗಾಯಗೊಂಡು ಮಲಗಿದ್ದಾನೆ. ಅವಳಿಗೆ ಗೊತ್ತಿಲ್ಲ. ಮನೆಯವರು ಮುಚ್ಚಿಟ್ಟಿದ್ದಾರೆ. ಅವನಿಗಾಗಿ ಅವಳು ಇದನ್ನು ಮಾಡಲಿಲ್ಲ ಅನ್ನೋದೇ ಆ ದೃಶ್ಯದ ಜೀವ. ಅವಳು ಎಂಥವಳು ಅಂತ ಮೊದಲು ಗೊತ್ತಾಗುತ್ತೆ. ಅವರಿಬ್ಬರು ಸೇರೋದು ಆಮೇಲೆ.

ನಿಮ್ಮ ಓದಿನಲ್ಲಿ ಈ ಪರೀಕ್ಷೆ ಪಾಸಾದವು, ಫೇಲಾದವು ಯಾವುವು? ಬೈದರೂ ಪರವಾಗಿಲ್ಲ.

ಇರುಳೋದು

ಬೈಯಲ್ಲ, ಆದರೆ ಒಪ್ಪೋದೂ ಇಲ್ಲ. ಪರದೆ ಇದ್ದರೆ ಏನು ತಪ್ಪು? ಯುದ್ಧದ ಕಾಲದಲ್ಲಿ ಬದುಕಿದ ಜನ ದಿನವಿಡೀ ಯುದ್ಧದ ಬಗ್ಗೆ ಯೋಚಿಸುತ್ತಾ ಕೂತಿರಲಿಲ್ಲ. ದೂರದಲ್ಲಿ ಯಾರೋ ರಾಜ ಸತ್ತ, ಇಲ್ಲಿ ಯಾರಿಗೋ ಯಾರ ಮೇಲೋ ಮನಸ್ಸಾಯಿತು. ಎರಡಕ್ಕೂ ಸಂಬಂಧ ಇರಲೇಬೇಕು ಅಂದರೆ ಕಥೆ ಗಣಿತ ಆಗಿಬಿಡುತ್ತೆ.

ಹಳೇಪುಟ

ಸಂಬಂಧ ಇರಲೇಬೇಕು ಅಂತಲ್ಲ. ಮುಖಪುಟದಲ್ಲಿ ಕತ್ತಿ, ಕೋಟೆ, ಬೆಂಕಿ ಎಲ್ಲ ಹಾಕಿ, ಒಳಗೆ 20 ಪುಟ ಇತಿಹಾಸದ ಪಾಠ ಮಾಡಿ, ಕೊನೆಗೆ ಅದರಿಂದ ಏನೂ ಆಗದಿದ್ದರೆ ಓದಿದವನಿಗೆ ಮೋಸ ಅಲ್ವಾ?

ಕಂದೀಲು

ಇಬ್ಬರ ನಡುವೆ ಒಂದು ದಾರಿ ಇದೆ. ಮಾಂಜೋನಿಯ 'ಇ ಪ್ರೊಮೆಸ್ಸಿ ಸ್ಪೋಸಿ' ನೋಡಿ, ಇಟಲಿಯಲ್ಲಿ ಶಾಲೆಯಲ್ಲೇ ಓದಿಸುವ ಕಾದಂಬರಿ. ಮೊದಲು ಬಂದದ್ದು 1827ರಲ್ಲಿ, ಕಥೆ ನಡೆಯೋದು 1628ರಿಂದ. ಲೊಂಬಾರ್ಡಿ ಆಗ ಸ್ಪೇನ್ ಆಳ್ವಿಕೆಯಲ್ಲಿತ್ತು. ರೆಂಜೊ, ಲೂಚಿಯಾ ಅಂತ ಇಬ್ಬರು ಹಳ್ಳಿಯವರು. ನಾಳೆ ಮದುವೆ. ಹಿಂದಿನ ಸಂಜೆ ಪಾದ್ರಿ ಡಾನ್ ಅಬ್ಬೊಂದಿಯೊ ಜಪ ಮಾಡುತ್ತಾ ವಾಕಿಂಗ್ ಮುಗಿಸಿ ಬರುತ್ತಿದ್ದಾನೆ. ದಾರಿ ತಿರುವಿನಲ್ಲಿ ಇಬ್ಬರು ರೌಡಿಗಳು ಕಾದು ನಿಂತಿದ್ದಾರೆ. ಈ ಮದುವೆ ಆಗಕೂಡದು ಅಂತ ಹೇಳಿ ಹೋಗುತ್ತಾರೆ. ಊರಿನ ದೊಡ್ಡ ಕುಳವೊಂದರ ಕಣ್ಣು ಆ ಹುಡುಗಿಯ ಮೇಲೆ ಬಿದ್ದಿದೆ, ಅದಕ್ಕೆ.

ಇದರಲ್ಲಿ ರಾಜಕೀಯ ಏನಿದೆ ಅನ್ನಿಸಬಹುದು. ಅಲ್ಲೇ ಮಾಂಜೋನಿ ಕಥೆ ನಿಲ್ಲಿಸಿ ಸರ್ಕಾರದ ಆಜ್ಞೆಗಳನ್ನು ಓದಿಸುತ್ತಾನೆ. ಇಂಥ ರೌಡಿಗಳನ್ನು ಹಿಡಿದು ಶಿಕ್ಷಿಸಲಾಗುವುದು ಅಂತ ಒಬ್ಬ ಗವರ್ನರ್ ಆಜ್ಞೆ. ಕೆಲವು ವರ್ಷ ಬಿಟ್ಟು ಇನ್ನೊಬ್ಬನದು. ಮತ್ತೊಬ್ಬನದು. ಒಂದಕ್ಕಿಂತ ಒಂದು ಜೋರು, ಬಿರುದುಗಳ ಪಟ್ಟಿ ಒಂದಕ್ಕಿಂತ ಒಂದು ಉದ್ದ. ಓದುತ್ತಾ ಓದುತ್ತಾ ನಗು ಬರುತ್ತೆ, ಆಮೇಲೆ ಹೊಟ್ಟೆ ತಣ್ಣಗಾಗುತ್ತೆ. ಅಷ್ಟು ಸಲ ಆಜ್ಞೆ ಹೊರಡಿಸಬೇಕಾಯಿತು ಅಂದರೆ ಒಂದೂ ನಡೆಯಲಿಲ್ಲ ಅಂತ ತಾನೇ! ಪರರಾಜ್ಯದ ಆಳ್ವಿಕೆ ಅಂದರೇನು ಅಂತ ಒಂದು ಯುದ್ಧವೂ ಇಲ್ಲದೆ ಹೇಳಿಬಿಟ್ಟ. ಮದುವೆ ನಿಂತದ್ದು ಆ ಸಡಿಲ ರಾಜ್ಯಭಾರದಿಂದ.

ಇದು ಹಳೇಪುಟ ಅವರ ಪರೀಕ್ಷೆಯಲ್ಲೂ ಪಾಸು. ಇರುಳೋದು ಹೇಳಿದ ಹಾಗೆ ಜನ ಸುಮ್ಮನೆ ತಮ್ಮ ಪಾಡಿಗೆ ಬದುಕುತ್ತಲೂ ಇದ್ದಾರೆ.

ಇರುಳೋದು

ಅದು ಸರಿ. ಅದನ್ನು ಯಾರು ಬೇಡ ಅಂತಾರೆ.

ಮುಂಗೋಪಿ

ಇಲ್ಲಿ ಯಾರೂ ಒಂದು ಮಾತು ಎತ್ತುತ್ತಿಲ್ಲ. ಈ ಪ್ರಕಾರದಲ್ಲಿ ಅತಿ ಹೆಚ್ಚು ಮಾರಾಟ ಆಗೋದು ಶತ್ರುಪಕ್ಷದ ಗಂಡು, ಸೋತ ಪಕ್ಷದ ಹೆಣ್ಣು. ಸೆರೆ ಹಿಡಿದವನು, ಸೆರೆ ಸಿಕ್ಕವಳು. 300 ಪುಟ ಆದಮೇಲೆ ಅವಳಿಗೆ ಅವನ ಮೇಲೆ ಪ್ರೀತಿ. ನನಗೆ ಅಲ್ಲಿ ಪುಸ್ತಕ ಎಸೆಯುವಷ್ಟು ಸಿಟ್ಟು ಬರುತ್ತೆ. ಅವಳು 'ಬೇಡ' ಅಂದಿದ್ದರೆ ಏನಾಗುತ್ತಿತ್ತು? ಆ ಪ್ರಶ್ನೆಗೆ ಉತ್ತರ ಇಲ್ಲದ ಕಡೆ ಅವಳ 'ಹೂಂ'ಗೆ ಬೆಲೆ ಎಲ್ಲಿದೆ?

ಹಳೇಪುಟ ಅವರೇ, ನಿಮ್ಮ ಪರೀಕ್ಷೆಯಲ್ಲಿ ಇವೆಲ್ಲ ಆರಾಮಾಗಿ ಪಾಸಾಗುತ್ತವೆ. ಯುದ್ಧ ತೆಗೆದರೆ ಸೆರೆ ಇಲ್ಲ, ಸೆರೆ ಇಲ್ಲದಿದ್ದರೆ ಕಥೆ ಇಲ್ಲ. ಪಾಸಾದರೆ ಒಳ್ಳೆಯದು ಅಂತ ಅರ್ಥಾನಾ?

ಹಳೇಪುಟ

ಇದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ. ಯೋಚಿಸಬೇಕು.

ಸಂಜೆಗೆಂಪು

ಮುಂಗೋಪಿ ಹೇಳಿದ್ದಕ್ಕೆ ಎರಡು ಪುಸ್ತಕ ಎದುರುಬದುರು ಇಡುತ್ತೇನೆ.

ಒಂದು, ಬಂಕಿಮಚಂದ್ರರ 'ದುರ್ಗೇಶನಂದಿನಿ', 1865. ಕನ್ನಡದವರಿಗೆ ಬಂಕಿಮರ ಪರಿಚಯ ಆದದ್ದೇ ಬಿ. ವೆಂಕಟಾಚಾರ್ಯರ ಅನುವಾದಗಳಿಂದ, ನಮ್ಮ ಐತಿಹಾಸಿಕ ಪ್ರೇಮಕಥೆಗಳ ಬೇರು ಹುಡುಕಿದರೆ ಅಲ್ಲಿಗೂ ಹೋಗಬೇಕು. ಅಲ್ಲಿ ಸೆರೆ ಸಿಕ್ಕವನು ಗಂಡು! ಮೊಗಲರ ಕಡೆಯ ರಜಪೂತ ಜಗತ್‌ಸಿಂಹ ಗಾಯಗೊಂಡು ಪಠಾಣರ ಕೈಗೆ ಸಿಗುತ್ತಾನೆ. ಆರೈಕೆ ಮಾಡುವವಳು ಪಠಾಣ ನವಾಬನ ಮಗಳು ಆಯೇಷಾ. ಅವಳ ಹತ್ತಿರ ಅಧಿಕಾರ ಇದೆ, ಆದರೂ ಅವನನ್ನು ಕಟ್ಟಿಹಾಕಿಕೊಳ್ಳುವುದಿಲ್ಲ. ಅವನ ಮನಸ್ಸು ತಿಲೋತ್ತಮೆಯ ಮೇಲೆ. ಕೊನೆಗೆ ಆಯೇಷಾ ತನ್ನ ಒಡವೆಗಳನ್ನು ತಿಲೋತ್ತಮೆಗೆ ತೊಡಿಸಿ ಬರುತ್ತಾಳೆ. ಅವಳ ಉಂಗುರದಲ್ಲಿ ವಿಷ ಇದೆ. ಕುಡಿಯಬೇಕು ಅನ್ನಿಸುತ್ತೆ. ಕುಡಿಯುವುದಿಲ್ಲ, ಉಂಗುರವನ್ನು ಕೋಟೆಯ ಕಂದಕಕ್ಕೆ ಎಸೆದುಬಿಡುತ್ತಾಳೆ. ಹೆಸರು ತಿಲೋತ್ತಮೆಯದು, ಕಾದಂಬರಿ ಆಯೇಷಾಳದು. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬಹುದು.

ಇನ್ನೊಂದು, ಅಮೃತಾ ಪ್ರೀತಮ್ ಅವರ 'ಪಿಂಜರ್', 1950. ಇದನ್ನು ಪ್ರೇಮ ಕಾದಂಬರಿ ಅಂದರೆ ಕೆಲವರಿಗೆ ಕೋಪ ಬರುತ್ತೆ, ಬರಲಿ. ಮನೆತನಗಳ ಹಳೇ ದ್ವೇಷಕ್ಕೆ ರಶೀದ್ ಪೂರೋಳನ್ನು ಹೊತ್ತೊಯ್ಯುತ್ತಾನೆ. ಅವಳು ತಪ್ಪಿಸಿಕೊಂಡು ತವರಿಗೆ ಬಂದರೆ ಅಪ್ಪ-ಅಮ್ಮನೇ ಒಳಗೆ ಸೇರಿಸುವುದಿಲ್ಲ. ಹೆಸರು ಹಮೀದಾ ಆಗುತ್ತೆ, ಆ ಹೆಸರನ್ನು ಅವಳ ತೋಳಿನ ಮೇಲೆ ಹಚ್ಚೆ ಹಾಕಿಸುತ್ತಾರೆ. ಲೇಖಕಿ ಎಲ್ಲೂ ರಶೀದ್‌ನ ತಪ್ಪನ್ನು ತೊಳೆಯುವುದಿಲ್ಲ. ಅವನಿಗೂ ಅದು ಕೊನೆತನಕ ಚುಚ್ಚುತ್ತಲೇ ಇರುತ್ತೆ. 1947ರಲ್ಲಿ ಪೂರೋಳ ಸಹೋದರನ ಹೆಂಡತಿಯ ಅಪಹರಣ ಆದಾಗ ಅವಳನ್ನು ಹುಡುಕಿ ಬಿಡಿಸಿ ತರಲು ಇದೇ ರಶೀದ್ ಜೊತೆ ನಿಲ್ಲುತ್ತಾನೆ. ಗಡಿಯಲ್ಲಿ ಸಹೋದರ 'ನೀನೂ ಬಾ' ಅಂತಾನೆ. ಈಗ ಬಾಗಿಲು ತೆರೆದಿದೆ. ಅವಳು ಹೋಗುವುದಿಲ್ಲ.

ಮುಂಗೋಪಿ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿ ಸಿಗುತ್ತೆ ಅಂತ ನನಗೆ ಅನ್ನಿಸಿದೆ. ಬೇಡ ಅನ್ನಲು ದಾರಿ ತೆರೆದ ಮೇಲೆ ಹೇಳಿದ 'ಇಲ್ಲೇ ಇರುತ್ತೇನೆ'ಗೆ ತೂಕ ಇದೆ. ಅದು ಪ್ರೀತಿಯಾ, ಸುಸ್ತಾ, ಮಗುವಿನ ಮೇಲಿನ ಮಮತೆಯಾ, ಅಮೃತಾ ಬಿಡಿಸಿ ಹೇಳುವುದಿಲ್ಲ.

ಮುಂಗೋಪಿ

ಪಿಂಜರ್ ಬಗ್ಗೆ ಹೇಳಿದ್ದು ಒಪ್ಪುತ್ತೇನೆ. ಒಂದು ಸೇರಿಸಿ: ಆಮೇಲೆ ಸರ್ಕಾರವೇ ಆ ಪ್ರಶ್ನೆಗೆ ತಾನೇ ಉತ್ತರ ಬರೆದುಬಿಟ್ಟಿತು. ಅಪಹೃತರನ್ನು ಮರಳಿ ಪಡೆಯುವ ಕಾಯ್ದೆ 1949ರಲ್ಲಿ ಬಂತು. 1947ರ ಮಾರ್ಚ್ 1ರ ನಂತರ ಕುಟುಂಬದಿಂದ ಬೇರೆಯಾಗಿ ಇನ್ನೊಂದು ಧರ್ಮದವರ ಮನೆಯಲ್ಲಿ ಇರುವ ಹೆಂಗಸು ಅಂದರೆ ಅಪಹೃತಳೇ. ಅವಳು ನಾನಾಗಿ ಇದ್ದೇನೆ ಅಂದರೂ ಆ ಮಾತಿಗೆ ಬೆಲೆ ಇರಲಿಲ್ಲ. ಕಾದಂಬರಿಕಾರ್ತಿ ಪಾತ್ರಕ್ಕೆ ಕೊಟ್ಟ ಆಯ್ಕೆಯನ್ನು ಕಾನೂನು ನಿಜವಾದ ಹೆಂಗಸರಿಗೆ ಕೊಡಲಿಲ್ಲ.

ಸಂಜೆಗೆಂಪು

ಹೌದು. ಓದಿ ಸುಮ್ಮನೆ ಕೂತಿದ್ದೆ ನಾನೂ.

ತಾರೀಖುಪ್ರಿಯ

ಕಾನೂನಿನ ಮಾತು ಬಂದದ್ದು ಒಳ್ಳೆಯದಾಯಿತು. ಯುದ್ಧಕ್ಕಿಂತ ಪ್ರೇಮಕಥೆಗೆ ಜಾಸ್ತಿ ಹತ್ತಿರ ಇರೋದು ಮದುವೆ ಕಾನೂನು. ತೋಪು ದೂರದಲ್ಲಿ ಹಾರುತ್ತೆ, ಕಾನೂನು ಮಲಗುವ ಕೋಣೆಗೆ ಬರುತ್ತೆ. ನಾಜಿ ಜರ್ಮನಿಯಲ್ಲಿ ಯಹೂದಿಗಳ ಜೊತೆ ಮದುವೆ ನಿಷೇಧಿಸಿದ 1935ರ ನ್ಯೂರೆಂಬರ್ಗ್ ಕಾಯ್ದೆಗಳು. 1949ರಲ್ಲಿ ದಕ್ಷಿಣ ಆಫ್ರಿಕಾದ ಮಿಶ್ರ ವಿವಾಹ ನಿಷೇಧ, ರದ್ದಾಗಿದ್ದು 1985ರಲ್ಲಿ. 1947ರಲ್ಲಿ ಸೋವಿಯತ್ ಪ್ರಜೆಗಳು ವಿದೇಶಿಯರನ್ನು ಮದುವೆಯಾಗಬಾರದು ಅಂತ ಬಂದ ಆಜ್ಞೆ, ಅದು ಸ್ಟಾಲಿನ್ ಸಾಯುವವರೆಗೂ ಇತ್ತು. ಇವುಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಪರದೆ ಆಗೋದಕ್ಕೆ ಸಾಧ್ಯವೇ ಇಲ್ಲ. ಇಬ್ಬರ ಹೆಸರು ಒಂದೇ ಕಾಗದದ ಮೇಲೆ ಬಂದರೆ ಅದೇ ಅಪರಾಧ.

ನಮ್ಮ ಬರಹಗಾರರು ಕತ್ತಿಯ ಉದ್ದ ಎಷ್ಟು ಅಂತ ವಿಚಾರಿಸುತ್ತಾರೆ, ಮದುವೆ ಯಾರು ನೋಂದಾಯಿಸುತ್ತಿದ್ದರು ಅಂತ ವಿಚಾರಿಸುವುದಿಲ್ಲ.

ಬರೀತಿರುವವಳು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ತಾರೀಖುಪ್ರಿಯ ಅವರು ಬಾಯಿ ಬಿಡಿಸಿದರು. ನಾನು ಎರಡು ವರ್ಷದಿಂದ ಒಂದು ಕಾದಂಬರಿ ಬರೀತಿದ್ದೇನೆ. ಫ್ರೆಂಚ್ ಕ್ರಾಂತಿಯ ಕಾಲ. ಶುರು ಮಾಡಿದಾಗ ನನ್ನದೂ ಪರದೆಯೇ. ಗಿಲೊಟಿನ್, ಗುಂಪು, ಬೆಂಕಿ, ಮಧ್ಯದಲ್ಲಿ ಇಬ್ಬರು. 90 ಪುಟ ಬರೆದು ಬಿಸಾಡಿದೆ.

ಆಮೇಲೆ ಒಂದು ಸಂಗತಿ ಸಿಕ್ಕಿತು. 1792ರ ಸೆಪ್ಟೆಂಬರ್ 20ರಂದು ಫ್ರಾನ್ಸ್‌ನಲ್ಲಿ ವಿಚ್ಛೇದನ ಕಾನೂನಾಯಿತು. ಕಾರಣಗಳ ಪಟ್ಟಿಯಲ್ಲಿ ಹುಚ್ಚು, ಹಿಂಸೆ, ಬಿಟ್ಟುಹೋಗುವುದು ಇವೆಲ್ಲದರ ಜೊತೆ ಇನ್ನೊಂದು ಇದೆ: ಗಂಡನೋ ಹೆಂಡತಿಯೋ ದೇಶ ಬಿಟ್ಟು ಓಡಿಹೋಗಿರುವುದು. ಓಡಿಹೋದವರ ಆಸ್ತಿ ಸರ್ಕಾರದ ಪಾಲು. ಮರುವರ್ಷದ ಸಂದೇಹಿತರ ಕಾನೂನಿನಲ್ಲಿ ಓಡಿಹೋದವರ ಹೆಂಡತಿಯರೂ ಸೇರಿಕೊಂಡರು. ಕ್ರಾಂತಿಯ ಮೇಲೆ ನಿಷ್ಠೆ ಸತತವಾಗಿ ತೋರಿಸಿರದಿದ್ದರೆ ಜೈಲು. ಅದಕ್ಕೆ ಎಷ್ಟೋ ಹೆಂಗಸರು ತಮ್ಮ ಪಾಲಿನ ಆಸ್ತಿ, ಮಕ್ಕಳು, ತಲೆ ಉಳಿಸಿಕೊಳ್ಳಲು ಗಂಡನಿಗೆ ವಿಚ್ಛೇದನ ಕೊಟ್ಟರು. ಮನಸ್ಸು ಮುರಿದು ಅಲ್ಲ!

ಅಂದರೆ ಅಲ್ಲಿ ವಿಚ್ಛೇದನವೇ ಪ್ರೀತಿಯ ಕೆಲಸ ಆಗಬಹುದು. ನನ್ನ ನಾಯಕಿ ಅದನ್ನೇ ಮಾಡುತ್ತಾಳೆ. ಗಂಡ ಗಡಿಯಾಚೆ ಇದ್ದಾನೆ. ಇವಳು ಪುರಸಭೆಗೆ ಹೋಗಿ ಸಹಿ ಹಾಕುತ್ತಾಳೆ.

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಇದು ಬರೀ ಕಾಗದದ ವಿಚ್ಛೇದನ ಅಂತ ಅವನಿಗೆ ತಿಳಿಸುವುದು ಹೇಗೆ? ಓಡಿಹೋದವರ ಜೊತೆ ಪತ್ರವ್ಯವಹಾರವೇ ಅಪಾಯ. ಪತ್ರ ಸಿಕ್ಕಿಬಿದ್ದು ಅದರಲ್ಲಿ 'ಇದು ನಾಟಕ' ಅಂತಿದ್ದರೆ ವಿಚ್ಛೇದನದ ಉದ್ದೇಶವೇ ಹಾಳು. ತಿಳಿಸದಿದ್ದರೆ ಅವನು ನಿಜ ಅಂದುಕೊಳ್ಳುತ್ತಾನೆ. ಎಂಟು ತಿಂಗಳಿಂದ ಈ ಅಧ್ಯಾಯದ ಮುಂದೆ ಕೂತಿದ್ದೇನೆ.

ಕಂದೀಲು

ಅಯ್ಯೋ ಮಾರಾಯ್ರೇ, ಇದನ್ನು ಇಷ್ಟು ಹೊತ್ತು ಜೇಬಲ್ಲಿಟ್ಟುಕೊಂಡು ಕೂತಿದ್ರಾ!

ಹಳೇಪುಟ

ಇದು ನನ್ನ ಪರೀಕ್ಷೆಯಲ್ಲಿ ರ್‍ಯಾಂಕ್.

ಇರುಳೋದು

ನಿಮ್ಮ ಪರೀಕ್ಷೆಗೆ ಈಗ ನಾನೊಂದು ಪ್ರಶ್ನೆ ಹಾಕುತ್ತೇನೆ. ರಾಜಕೀಯ ಆಯ್ಕೆ ತಂದಿಡಬೇಕು ಅಂದಿರಿ. ಪಾಸ್ತರ್ನಾಕ್ ಬರೆದ, ರಷ್ಯಾದ ಅಂತರ್ಯುದ್ಧದ ಕಾಲದ 'ಡಾಕ್ಟರ್ ಜಿವಾಗೊ'ದಲ್ಲಿ ಏನಾಗುತ್ತೆ? ಜಿವಾಗೊಗೆ ಹೆಂಡತಿ ತೋನ್ಯಾ ಮೇಲೂ ಪ್ರೀತಿ, ಲಾರಾ ಮೇಲೂ. ಮೋಸ ಮಾಡುತ್ತಿದ್ದೇನೆ ಅನ್ನುವ ಸಂಕಟ ತಡೆಯಲಾಗದೆ, ಲಾರಾಳನ್ನು ಬಿಡಬೇಕು, ತೋನ್ಯಾಗೆ ಎಲ್ಲ ಹೇಳಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಕುದುರೆ ಹತ್ತಿ ಮನೆ ಕಡೆ ಹೊರಡುತ್ತಾನೆ. ದಾರಿಯಲ್ಲಿ ಮನಸ್ಸು ಜಾರುತ್ತೆ, ಇನ್ನೊಂದೇ ಸಲ ಅವಳನ್ನು ನೋಡಿಬಿಡೋಣ ಅನ್ನಿಸುತ್ತೆ. ಅಷ್ಟರಲ್ಲಿ ಅಡ್ಡದಾರಿಯಲ್ಲಿ ಕೆಂಪು ಗೆರಿಲ್ಲಾಗಳು ಅಡ್ಡಗಟ್ಟಿ, ನಮಗೆ ಡಾಕ್ಟರ್ ಬೇಕು ನಡಿ ಅಂತ ಎಳೆದೊಯ್ಯುತ್ತಾರೆ. ತೋನ್ಯಾಗೆ ಹೇಳಿದ್ದೂ ಇಲ್ಲ, ಲಾರಾಳನ್ನು ಬಿಟ್ಟದ್ದೂ ಇಲ್ಲ.

ಇಲ್ಲಿ ಅಂತರ್ಯುದ್ಧ ಆಯ್ಕೆ ಕೊಡಲಿಲ್ಲ, ಕಿತ್ತುಕೊಂಡಿತು. ಒಂದು ತೀರ್ಮಾನಕ್ಕೆ ಬರುವಷ್ಟು ಸಮಯವನ್ನೂ ಕೊಡಲಿಲ್ಲ. ನನಗೆ ಇದೇ ಜಾಸ್ತಿ ನಿಜ ಅನ್ನಿಸುತ್ತೆ. ಗಲಭೆಯ ಕಾಲದಲ್ಲಿ ಜನ ಆಯ್ಕೆ ಮಾಡಿದ್ದಕ್ಕಿಂತ ಅರ್ಧ ದಾರಿಯಲ್ಲಿ ಸಿಕ್ಕಿಬಿದ್ದದ್ದೇ ಹೆಚ್ಚು.

ಹಳೇಪುಟ

ಸೋತೆ. ಆಯ್ಕೆ ಅನ್ನೋ ಭಾಗ ವಾಪಸ್ ತೆಗೆದುಕೊಳ್ಳುತ್ತೇನೆ. ಮುಂಗೋಪಿ ಕೇಳಿದ್ದಕ್ಕೂ ಇದರಲ್ಲೇ ಅರ್ಧ ಉತ್ತರ ಇದೆ ಅನ್ನಿಸುತ್ತೆ. ಆಯ್ಕೆ ಯಾರಿಂದ ಯಾರು ಕಿತ್ತುಕೊಂಡರು ಅಂತ ಬರಹಗಾರರಿಗೆ ಗೊತ್ತಿದೆಯಾ ಇಲ್ಲವಾ? ಜಿವಾಗೊದಲ್ಲಿ ಪಾಸ್ತರ್ನಾಕ್‌ಗೆ ಗೊತ್ತು. ಸೆರೆಯ ಪ್ರೇಮಕಥೆಗಳಲ್ಲಿ ಬರೆದವರೇ ಮರೆತಿರುತ್ತಾರೆ. ಚಂದ್ರ ಮೂಡಿದ, ಮಲ್ಲಿಗೆ ಅರಳಿತು, ಬಾಗಿಲಿಗೆ ಬೀಗ ಇದೆ ಅನ್ನೋದು ಮರೆತುಹೋಯಿತು.

ಮುಂಗೋಪಿ

ಈಗ ಮಾತು ಸರಿ ಇದೆ.

ತಾರೀಖುಪ್ರಿಯ

ಜಿವಾಗೊ ಪುಸ್ತಕದ್ದೇ ಒಂದು ಕಥೆ. 1957ರಲ್ಲಿ ಮೊದಲು ಬಂದದ್ದು ಇಟಲಿಯಲ್ಲಿ, ಇಟಾಲಿಯನ್ ಭಾಷೆಯಲ್ಲಿ. 1958ರಲ್ಲಿ ನೊಬೆಲ್ ಘೋಷಣೆಯಾಯಿತು, ಒತ್ತಡಕ್ಕೆ ಸಿಕ್ಕಿ ಪಾಸ್ತರ್ನಾಕ್ ಬೇಡ ಅನ್ನಬೇಕಾಯಿತು. ಸ್ವಂತ ದೇಶದಲ್ಲಿ ಅಚ್ಚಾದದ್ದು 1988ರಲ್ಲಿ. ಪ್ರೇಮಕಥೆಗೆ ಸರ್ಕಾರ ಅಷ್ಟು ಹೆದರಬೇಕಾದರೆ ಅದು ಪರದೆ ಅಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಸಂಜೆಗೆಂಪು

ಮುಕ್ತಾಯದ ಬಗ್ಗೆ ಯಾರೂ ಹೇಳಲಿಲ್ಲ. ಇತಿಹಾಸ ಓದುಗರಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಸ್ಟುವರ್ಟ್ ರಾಜಮನೆತನಕ್ಕೆ ಸಿಂಹಾಸನ ಮರಳಿಸಲು ನಡೆದ 1745ರ ಸ್ಕಾಟ್ಲೆಂಡ್ ದಂಗೆಯ ಮೇಲೆ ಎಷ್ಟು ಪ್ರೇಮಕಥೆಗಳಿವೆಯೋ ಲೆಕ್ಕ ಇಲ್ಲ. ದಂಗೆಕೋರರು ಸೋತ ಕಲೊಡನ್ ಕದನ 1746ರ ಏಪ್ರಿಲ್ 16, ಒಂದು ಗಂಟೆಯೂ ನಡೆಯಲಿಲ್ಲ. ಅದು ಗೊತ್ತಿದ್ದೇ ಓದುತ್ತೇವೆ. ಪಾತ್ರಗಳು ಮುಂದಿನ ಬೇಸಿಗೆಗೆ ಮದುವೆ ಅಂತ ಮಾತಾಡಿಕೊಂಡರೆ ನಮ್ಮ ಎದೆ ಧಸಕ್ ಅನ್ನುತ್ತೆ. ತ.ರಾ.ಸು. ಅಂತೂ ಹೆಸರಿನಲ್ಲೇ ಹೇಳಿಬಿಟ್ಟರು, 'ದುರ್ಗಾಸ್ತಮಾನ'. ಸೂರ್ಯ ಮುಳುಗುತ್ತಾನೆ ಅಂತ ಮೊದಲ ಪುಟಕ್ಕೆ ಮೊದಲೇ ಗೊತ್ತು, ಆದರೂ ಪುಟ ತಿರುಗಿಸುತ್ತೇವೆ.

ಕಂದೀಲು

ಆ ದಂಗೆಯ ಮೇಲೆ ಬಂದ ದೊಡ್ಡ ಕಾದಂಬರಿ ವಾಲ್ಟರ್ ಸ್ಕಾಟ್‌ನ 'ವೇವರ್ಲಿ', 1814. ಅದರಲ್ಲಿ ನನಗೆ ಒಂದು ತಕರಾರಿದೆ. ನಾಯಕನ ಮುಂದೆ ಇಬ್ಬರು ಹುಡುಗಿಯರು. ಫ್ಲೋರಾಗೆ ಸೋಲಲಿರುವ ರಾಜಮನೆತನದ ಮೇಲೆ ಜೀವ. ರೋಸ್ ಶಾಂತ ಸ್ವಭಾವದ ಮನೆಮಗಳು. ದಂಗೆ ಸೋಲುತ್ತೆ, ಫ್ಲೋರಾಳ ಅಣ್ಣನಿಗೆ ಮರಣದಂಡನೆ, ಅವಳು ಫ್ರಾನ್ಸ್‌ನ ಕಾನ್ವೆಂಟಿಗೆ. ನಾಯಕ ರೋಸ್‌ಳನ್ನು ಮದುವೆಯಾಗುತ್ತಾನೆ. ಅಂದರೆ ಫ್ಲೋರಾ ಹಳೇ ಸ್ಕಾಟ್ಲೆಂಡ್, ರೋಸ್ ಹೊಸ ರಾಜಿ. ಮದುವೆ ಅಂದರೆ ಒಪ್ಪಂದಕ್ಕೆ ಸಹಿ ಹಾಕಿದ ಹಾಗೆ.

ಆಮೇಲೆ ಬಂದವರೆಲ್ಲ ಇದನ್ನೇ ಹಿಡಿದುಕೊಂಡರು. ನಾಯಕಿ ಅಂದರೆ ನಾಡು, ಅವಳನ್ನು ಗೆದ್ದವನು ನಾಡು ಗೆದ್ದ ಹಾಗೆ. ಹುಡುಗಿಗೆ ಹಲ್ಲುನೋವು ಬರಬೇಕು, ಸುಳ್ಳು ಹೇಳಬೇಕು, ಯಾರದೋ ಮೇಲೆ ಹೊಟ್ಟೆಕಿಚ್ಚು ಪಡಬೇಕು. ಭೂಪಟಕ್ಕೆ ಹಲ್ಲುನೋವು ಬರುವುದಿಲ್ಲ.

ಇರುಳೋದು

ನಿಜವಾದ ಇತಿಹಾಸದಲ್ಲೂ ಹುಡುಗಿಯರನ್ನು ಹಾಗೇ ನಡೆಸಿಕೊಂಡರಲ್ಲ! ಮಾಸ್ತಿಯವರ 'ಚಿಕವೀರ ರಾಜೇಂದ್ರ' ಓದಿದವರಿಗೆ ಕೊಡಗಿನ ರಾಜನ ಪುಟ್ಟ ಮಗಳು ನೆನಪಿರುತ್ತಾಳೆ. 1834ರಲ್ಲಿ ರಾಜ್ಯ ಕಂಪನಿ ಕೈಗೆ ಹೋಯಿತು. ಆಮೇಲಿನ ನಿಜ ಕಥೆ: ರಾಜ ಮಗಳು ಗೌರಮ್ಮನನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದ. 1852ರಲ್ಲಿ ಅವಳಿಗೆ ಕ್ರೈಸ್ತ ದೀಕ್ಷಾಸ್ನಾನ ಆಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್ ಜೊತೆ ಮದುವೆ ಮಾಡಿಸುವ ಯೋಚನೆ ರಾಣಿಗಿತ್ತು. ರಾಜ್ಯ ಕಳೆದುಕೊಂಡ ಇಬ್ಬರನ್ನು ಜೋಡಿ ಮಾಡಿದರೆ ನೋಡಲು ಚೆಂದ ಅಂತ ಇರಬೇಕು! ಅದು ಆಗಲಿಲ್ಲ. ಒಬ್ಬ ಕರ್ನಲ್‌ನ ಜೊತೆ ಮದುವೆಯಾಯಿತು, 1864ರಲ್ಲಿ ತೀರಿಹೋದಳು. ಇನ್ನೂ ಚಿಕ್ಕ ವಯಸ್ಸು.

ಮುಂಗೋಪಿ

ಇದನ್ನು ಪ್ರೇಮಕಥೆ ಮಾಡಲು ಹೊರಟವರು ದಯವಿಟ್ಟು ಹತ್ತು ಸಲ ಯೋಚಿಸಿ.

ತಾರೀಖುಪ್ರಿಯ

ಬರೀತಿರುವವಳು ಅವರಿಗೆ ಮೂರು ವಿಷಯ, ಉಪಯೋಗ ಆದರೆ ಆಗಲಿ.

ಕ್ಯಾಲೆಂಡರ್ ನೋಡಿಕೊಳ್ಳಿ. 1793ರ ಅಕ್ಟೋಬರ್‌ನಿಂದ ಫ್ರಾನ್ಸ್‌ನಲ್ಲಿ ಹೊಸ ಗಣರಾಜ್ಯ ಕ್ಯಾಲೆಂಡರ್. ವಾರಕ್ಕೆ ಹತ್ತು ದಿನ. ನಿಮ್ಮ ನಾಯಕಿ 1794ರಲ್ಲಿ ಕಚೇರಿ ಗುಮಾಸ್ತನ ಮುಂದೆ 'ಭಾನುವಾರ ಬರುತ್ತೇನೆ' ಅಂದರೆ ಆ ಒಂದು ಪದಕ್ಕೇ ಅವಳ ಮೇಲೆ ಕಣ್ಣು ಬೀಳಬಹುದು. ರಷ್ಯಾಗೆ ಪತ್ರ ಹೋಗುವ ಹಾಗಿದ್ದರೆ ಅಲ್ಲಿ ಹಳೇ ಲೆಕ್ಕ, 19ನೇ ಶತಮಾನದಲ್ಲಿ 12 ದಿನ ವ್ಯತ್ಯಾಸ, ನಿಮ್ಮ ಕಾಲಕ್ಕೆ 11. ಉತ್ತರ ಪ್ರಶ್ನೆಗಿಂತ ಮುಂಚೆ ಬರೆದ ಹಾಗೆ ಕಾಣಬಹುದು.

ಗಂಡ ವಾಪಸ್ ಬರಬೇಕಾದರೆ 1802. ಆ ವರ್ಷ ನೆಪೋಲಿಯನ್ ಓಡಿಹೋದ ಹೆಚ್ಚಿನವರಿಗೆ ಕ್ಷಮೆ ಕೊಟ್ಟ. ಅದಕ್ಕೆ ಮುಂಚೆ ಸಿಕ್ಕಿಬಿದ್ದರೆ ಕಾನೂನಿನ ಪ್ರಕಾರ ಸಾವೇ. ಅಂದರೆ ಅವರಿಬ್ಬರ ನಡುವೆ ಸುಮಾರು ಹತ್ತು ವರ್ಷ.

ಇನ್ನೊಂದು ನಿಮ್ಮ ಪತ್ರದ ಸಮಸ್ಯೆಗೇ ಬರಬಹುದು. ಫ್ರೆಂಚಿನಲ್ಲೂ ನಮ್ಮ ಹಾಗೆ ನೀನು-ನೀವು ಇದೆ, ತೂ ಮತ್ತು ವೂ. 1793ರಲ್ಲಿ 'ವೂ' ಅನ್ನೋದು ಶ್ರೀಮಂತರ ಚಾಳಿ, ಸಮಾನರ ನಡುವೆ ಎಲ್ಲರೂ 'ತೂ' ಅನ್ನಬೇಕು ಅಂತ ಜೋರು ಒತ್ತಡ ಬಂತು. ಎಲ್ಲರಿಗೂ ಕಾನೂನು ಆಗಲಿಲ್ಲ, ಆದರೆ ಕಚೇರಿ ಪತ್ರಗಳಲ್ಲಿ ಅದೇ ನಡೆಯಿತು. ಮೇಡಂ ಹೋಗಿ ನಾಗರಿಕಳೇ ಅಂತಾಯಿತು.

ಸಂಜೆಗೆಂಪು

ಅಬ್ಬಾ! ಹಾಗಾದರೆ ನೀನು ಅನ್ನೋ ಸಲಿಗೆಯ ಮಾತು ಸರ್ಕಾರದ್ದಾಗಿಬಿಟ್ಟಿತು. ಬೀದಿಯಲ್ಲಿ ಕಾಗದ ಕೇಳುವ ಕಾವಲುಗಾರನೂ ನೀನು ಅಂತಾನೆ. ಪ್ರೇಮಿಗಳಿಗೆ ಏನು ಉಳಿಯಿತು?

ಬರೀತಿರುವವಳು

ಒಂದು ನಿಮಿಷ. ದೊಡ್ಡ ಮನೆತನಗಳಲ್ಲಿ ಗಂಡ-ಹೆಂಡತಿ ಒಬ್ಬರಿಗೊಬ್ಬರು 'ವೂ' ಅಂತಲೇ ಕರೆದುಕೊಳ್ಳುತ್ತಿದ್ದರು. ನನ್ನ ಮೊದಲ ಅಧ್ಯಾಯದಲ್ಲೇ ಅದಿದೆ, ಅವರ 'ನೀವು' ನೋಡಿ ಅತ್ತಿಗೆ ತಮಾಷೆ ಮಾಡುತ್ತಾಳೆ. ಬರೆದು ಮರೆತೇಬಿಟ್ಟಿದ್ದೆ.

ಬರೀತಿರುವವಳು

ರಾತ್ರಿಯೆಲ್ಲಾ ಕೂತು ಬರೆದೆ. ಅವಳು ಪತ್ರ ಬರೆಯುತ್ತಾಳೆ. ಗುಟ್ಟಿನ ಪತ್ರ ಅಲ್ಲ, ವಿಚ್ಛೇದನದ ತಿಳುವಳಿಕೆ. ಯಾರು ಒಡೆದು ಓದಿದರೂ ಸರಿ ಅನ್ನುವ ಹಾಗೆ. ಮೊದಲಿಂದ ಕೊನೆಯವರೆಗೂ ನೀನು, ನಿನ್ನ, ನಿನಗೆ. ಹೊಸ ಕಾಲದ ನಾಗರಿಕಳ ಹಾಗೆ. ಆಸ್ತಿ ಇಷ್ಟು, ತಾರೀಖು ಇದು, ಇನ್ನು ಮುಂದೆ ನಿನಗೂ ನನಗೂ ಸಂಬಂಧ ಇಲ್ಲ. ಕೊನೆಯ ಸಾಲು ಮಾತ್ರ, 'ನಿಮ್ಮ ಕೆಮ್ಮು ವಾಸಿಯಾಗಿರಬಹುದು ಎಂದುಕೊಂಡಿದ್ದೇನೆ.'

ಓದುವ ಗುಮಾಸ್ತನಿಗೆ ಅದು ಹಳೇ ಅಭ್ಯಾಸದ ಬಾಯಿತಪ್ಪು. ಅವನಿಗೆ ಮಾತ್ರ ಅರ್ಥ ಆಗುತ್ತೆ.

ಇರುಳೋದು

ಮೈ ಜುಂ ಅಂತು. ಕೆಮ್ಮು ಇರಲಿ, ದಯವಿಟ್ಟು ತೆಗೆಯಬೇಡಿ.

ಹಳೇಪುಟ

ಅವನಿಗೆ ಅರ್ಥ ಆಗುತ್ತೆ ಅಂತ ಅಷ್ಟು ಖಾತ್ರಿನಾ? ಅವನೂ ಬಾಯಿತಪ್ಪು ಅಂದುಕೊಂಡರೆ? ಹತ್ತು ವರ್ಷ ಇದೆ.

ಬರೀತಿರುವವಳು

ಅದು 15ನೇ ಅಧ್ಯಾಯ. ಅವನ ಕಡೆಯಿಂದ ಇನ್ನೂ ಒಂದು ಸಾಲೂ ಬರೆದಿಲ್ಲ.

ಕಂದೀಲು

ನನಗಿರುವ ಭಯವೇ ಬೇರೆ. ಇಡೀ ಪತ್ರದಲ್ಲಿ ನೀನು, ಕೊನೆಯಲ್ಲಿ ಒಂದೇ ಒಂದು 'ನಿಮ್ಮ'. ಪ್ರೂಫ್ ನೋಡುವವರು ಅಚ್ಚಿನ ತಪ್ಪು ಅಂತ ತಿದ್ದಿ 'ನಿನ್ನ' ಮಾಡಿಬಿಡುತ್ತಾರೆ. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಬರೆದುಕೊಡಿ, ಇದನ್ನು ಮುಟ್ಟಬೇಡಿ ಅಂತ.